ಬೆಚ್ಚನೆಯ ನಾಡಿನಲ್ಲಿಯೂ ಮಂಜುಗಡ್ಡೆ: ಸಣ್ಣ ವಿಮಾನಗಳಿಗೆ ಒದಗುವ ಅಪಾಯ

'ನೀರು 0° ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ' ಎಂಬ ವಾಕ್ಯವು ಮೇಲಿನ ಪ್ರಾಥಮಿಕ ಇಯತ್ತೆಗಳ ವಿದ್ಯಾರ್ಥಿಗಳಿಗೆ ಬಾಯಿಪಾಠವಾಗಿರುತ್ತದೆ. ಪಾತ್ರೆಯಲ್ಲಿಯ ನೀರಿಗೆ ಹೊಂದುವ ಈ ವಾಕ್ಯವು ಮೋಡದಲ್ಲಿಯ ಹನಿಗಳಿಗೆ ಪೂರ್ಣವಾಗಿ ಅನ್ವಯಿಸುವುದಿಲ್ಲ. ಯಡ್ರಾವ, ಇಚಲಕರಂಜಿ, ಗಡಹಿಂಗ್ಲಜ ಪರಿಸರದ ಮಕ್ಕಳು ಕೊಲ್ಹಾಪುರದ ಕಡೆಗೆ ಹಾರುವ ವಿಮಾನಗಳನ್ನು ನೋಡಿರುತ್ತಾರೆ. ಆ ವಿಮಾನಗಳನ್ನು ನಡೆಸುವವರಿಗೆ ಈ ವ್ಯತ್ಯಾಸದ ಅರಿವು ಪ್ರಾಣರಕ್ಷಕವಾದುದು. ಬಾಷ್ಪೀಭವನ, ಆರ್ದ್ರತೆ, ಹೆಪ್ಪುಗಟ್ಟುವಿಕೆ ಈ ಘಟಕಗಳನ್ನು ಕಲಿಸುವಾಗ ಶಿಕ್ಷಕರು ಮುಂದಿನ ವಿವರಣೆಯನ್ನು ಪೂರಕವಾಗಿ ಬಳಸಬಹುದು.

ಮೋಡದಲ್ಲಿಯ ಅತಿಶೀತಲ ಹನಿಗಳು

ಹೆಪ್ಪುಗಟ್ಟಲು ನೀರಿಗೆ ಒಂದು ಆಸರೆ ಬೇಕು. ಧೂಳಿನ ಕಣ ಅಥವಾ ಹಿಮದ ಹರಳು ಅಂತಹ ಆಸರೆಯಾಗುತ್ತದೆ. ಅದು ದೊರೆಯದಿದ್ದರೆ ಮೋಡದ ಸೂಕ್ಷ್ಮ ಹನಿಗಳು 0° ಸೆಲ್ಸಿಯಸ್‌ಗಿಂತ ಬಹಳ ಕೆಳಗೆ, ಕೆಲವೊಮ್ಮೆ −40° ಸೆಲ್ಸಿಯಸ್‌ನ ಸಮೀಪದವರೆಗೂ ದ್ರವರೂಪದಲ್ಲಿಯೇ ಉಳಿಯುತ್ತವೆ. ಇವುಗಳನ್ನು ಅತಿಶೀತಲ ಹನಿಗಳು ಎನ್ನುತ್ತಾರೆ. ಬೇಸಿಗೆಯ ಗುಡುಗು ಮಳೆಯಲ್ಲಿ ಬೀಳುವ ಆಲಿಕಲ್ಲು ಇಂತಹ ಹನಿಗಳು ಪದರ ಪದರವಾಗಿ ಅಂಟಿಕೊಂಡು ಬೆಳೆದುದೇ ಆಗಿದೆ.

ಇಂತಹ ಮೋಡದೊಳಗೆ ವಿಮಾನವು ನುಗ್ಗಿದಾಗ ಅದರ ರೆಕ್ಕೆಯೇ ಹನಿಗಳಿಗೆ ಆಸರೆಯಾಗುತ್ತದೆ. ಚಿಕ್ಕ ಹನಿಗಳು ತಾಗಿದ ಕೂಡಲೇ ಹೆಪ್ಪುಗಟ್ಟಿ ಬಿಳಿಯ, ಒರಟಾದ ಪದರವಾಗುತ್ತವೆ. ದೊಡ್ಡ ಹನಿಗಳು ಸ್ವಲ್ಪ ಹಿಂದಕ್ಕೆ ಹರಿದು, ಅನಂತರ ಗಾಜಿನಂತೆ ಪಾರದರ್ಶಕವಾದ ಗಟ್ಟಿ ಪದರವಾಗುತ್ತವೆ. ಎರಡನೆಯದು ಕಣ್ಣಿಗೆ ಸುಲಭವಾಗಿ ಕಾಣದು, ಕಿತ್ತುಹೋಗುವುದೂ ಕಠಿಣ.

ರೆಕ್ಕೆಯ ಆಕಾರ ಕೆಟ್ಟಾಗ

ಮಂಜುಗಡ್ಡೆಯ ಭಾರದಿಂದ ವಿಮಾನ ಬೀಳುತ್ತದೆ ಎಂದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಉತ್ತರಿಸುತ್ತಾರೆ. ಭಾರವೂ ಒಂದು ಕಾರಣವೇ. ಆದರೆ ಆಕಾರದ ಕೇಡು ಅದಕ್ಕಿಂತ ದೊಡ್ಡದು. ರೆಕ್ಕೆಯ ನುಣುಪಾದ ಬಾಗಿನ ಮೇಲೆ ಗಾಳಿಯು ಅಂಟಿಕೊಂಡು ಹರಿದಾಗ ಮಾತ್ರ ವಿಮಾನಕ್ಕೆ ಸಾಕಷ್ಟು ಎತ್ತುವ ಬಲ ದೊರೆಯುತ್ತದೆ. ರೆಕ್ಕೆಯ ಮುಂಭಾಗದಲ್ಲಿ ಒರಟು ಉಜ್ಜುಕಾಗದದಷ್ಟು ತೆಳುವಾದ ಮಂಜುಗಡ್ಡೆ ಕೂತರೂ ಎತ್ತುವ ಬಲವು ಶೇಕಡಾ 30ರಷ್ಟು ಕುಗ್ಗಿ, ಗಾಳಿಯ ತಡೆಯು ಶೇಕಡಾ 40ರಷ್ಟು ಹೆಚ್ಚಬಹುದು. ಆಗ ಎಂದಿನ ಸುರಕ್ಷಿತ ವೇಗದಲ್ಲಿಯೂ ವಿಮಾನವು ಗಾಳಿಯ ಆಧಾರವನ್ನು ಕಳೆದುಕೊಳ್ಳುತ್ತದೆ.

1994ರ ಅಕ್ಟೋಬರ್ 31ರಂದು ಅಮೆರಿಕದ ಇಂಡಿಯಾನಾ ರಾಜ್ಯದ ರೋಸ್‌ಲಾನ್ ಬಳಿ ಎ.ಟಿ.ಆರ್. 72 ವಿಮಾನವೊಂದು ಇಳಿಯಲು ಅನುಮತಿಗಾಗಿ ಸುತ್ತು ಹಾಕುತ್ತ ಕಾಯುತ್ತಿತ್ತು. ಅಲ್ಲಿದ್ದ ದೊಡ್ಡ ಅತಿಶೀತಲ ಹನಿಗಳಿಂದ ರೆಕ್ಕೆಯ ಮೇಲೆ, ಮಂಜುಗಡ್ಡೆ ಒಡೆಯುವ ರಬ್ಬರ್ ಪಟ್ಟಿಯ ಹಿಂಭಾಗದಲ್ಲಿ, ದಿಣ್ಣೆಯಂತೆ ಹಿಮ ಬೆಳೆಯಿತು. ವಿಮಾನ ಒಮ್ಮೆಲೇ ಹೊರಳಿ ನೆಲಕ್ಕೆ ಬಿದ್ದು, ಅದರಲ್ಲಿದ್ದ 68 ಜನರೂ ಮೃತಪಟ್ಟರು. ಅನಂತರ ಆ ಬಗೆಯ ವಿಮಾನಗಳ ರಬ್ಬರ್ ಪಟ್ಟಿಗಳನ್ನು ಅಗಲಗೊಳಿಸಲಾಯಿತು. ತರಬೇತಿಯ ಪುಟ್ಟ ವಿಮಾನಗಳಲ್ಲಿ ಇಂತಹ ಪಟ್ಟಿಗಳು ಸಾಮಾನ್ಯವಾಗಿ ಇರುವುದೇ ಇಲ್ಲ. ಆದುದರಿಂದ ಅವುಗಳ ಚಾಲಕರು ಹಿಮಗಟ್ಟುವ ಮೋಡದಿಂದ ದೂರ ಉಳಿಯುವುದೇ ಸರಿಯಾದ ಮಾರ್ಗ.

ನಮ್ಮ ಹವೆಯಲ್ಲಿಯ ಅಪಾಯ: ಇಂಜಿನ್ನಿನ ಒಳಗೆ

ಕೊಲ್ಹಾಪುರ, ಬೆಳಗಾವಿಗಳ ಮೇಲೆ 0° ಸೆಲ್ಸಿಯಸ್‌ನ ಮಟ್ಟ ಬಹಳ ಎತ್ತರದಲ್ಲಿದೆ. ತರಬೇತಿ ವಿಮಾನಗಳು ಅದಕ್ಕಿಂತ ಬಹಳ ಕೆಳಗೆ ಹಾರುತ್ತವೆ. ಹಾಗಾದರೆ ಇಲ್ಲಿ ಮಂಜುಗಡ್ಡೆಯ ಭಯವಿಲ್ಲವೇ? ಇದೆ, ಅದು ರೆಕ್ಕೆಯ ಮೇಲಲ್ಲ, ಇಂಜಿನ್ನಿನ ಕಾರ್ಬ್ಯುರೇಟರಿನಲ್ಲಿ.

ಸೆಸ್ನಾ 152ರಂತಹ ವಿಮಾನಗಳ ಇಂಜಿನ್ನಿನಲ್ಲಿ, ಹಳೆಯ ಸ್ಕೂಟರುಗಳಲ್ಲಿರುವಂತೆ, ಗಾಳಿಗೆ ಪೆಟ್ರೋಲನ್ನು ಬೆರೆಸಲು ಕಾರ್ಬ್ಯುರೇಟರ್ ಇರುತ್ತದೆ. ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಉಷ್ಣತೆಯನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದು ಇದೇ ತತ್ತ್ವದಿಂದ. ಇಕ್ಕಟ್ಟಾದ ಕೊಳವೆಯಲ್ಲಿ ಗಾಳಿಯ ಒತ್ತಡ ತಗ್ಗುವುದರಿಂದಲೂ ತಂಪು ಹೆಚ್ಚುತ್ತದೆ. ಹೀಗೆ ಒಳಗಿನ ತಾಪಮಾನವು 20° ಸೆಲ್ಸಿಯಸ್‌ಗಿಂತಲೂ ಹೆಚ್ಚು ಇಳಿಯಬಹುದು. ಹೊರಗೆ 20° ಸೆಲ್ಸಿಯಸ್ ಇದ್ದು ಗಾಳಿ ತೇವವಾಗಿದ್ದರೆ, ಆ ತೇವವು ಕೊಳವೆಯೊಳಗೆ ಮಂಜುಗಡ್ಡೆಯಾಗಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಘಟ್ಟದ ಅಂಚಿನ ಮಳೆಗಾಲದ ಹವೆ ಇದಕ್ಕೆ ತಕ್ಕುದಾಗಿದೆ. ಇಳಿಯುವಾಗ ಇಂಜಿನ್ನಿನ ಶಕ್ತಿಯನ್ನು ತಗ್ಗಿಸಿದಾಗ ಗಾಳಿಯ ದಾರಿ ಮೊದಲೇ ಕಿರಿದಾಗಿರುವುದರಿಂದ ಅಪಾಯ ಇನ್ನೂ ಹೆಚ್ಚು. ಆಗ ವಿಮಾನ ನೆಲಕ್ಕೆ ಸಮೀಪವಿದ್ದು, ತಪ್ಪನ್ನು ತಿದ್ದಿಕೊಳ್ಳಲು ಎತ್ತರವೂ ಸಮಯವೂ ಉಳಿದಿರುವುದಿಲ್ಲ.

ಪರಿಹಾರವೇ ತೊಂದರೆಯಂತೆ ಕಂಡಾಗ

ಇಂಜಿನ್ನಿನ ಸುತ್ತುಗಳು ಮೆಲ್ಲನೆ ಕಡಿಮೆಯಾಗುವುದು ಈ ತೊಂದರೆಯ ಮೊದಲ ಲಕ್ಷಣ. ಚಾಲಕನು ಕೂಡಲೇ ಒಂದು ಗುಂಡಿಯನ್ನೆಳೆದು ಬಿಸಿ ಗಾಳಿಯನ್ನು ಕಾರ್ಬ್ಯುರೇಟರಿಗೆ ಹರಿಸಬೇಕು. ಬಿಸಿ ಗಾಳಿ ಬಂದೊಡನೆ ಸುತ್ತುಗಳು ಇನ್ನಷ್ಟು ಇಳಿಯುತ್ತವೆ. ಕರಗಿದ ನೀರು ಒಳಹೊಕ್ಕು ಇಂಜಿನ್ನು ನಡುಗುತ್ತದೆ. ಕಾರಣ ತಿಳಿಯದ ಹೊಸಬನು ತನ್ನಿಂದಲೇ ಕೆಟ್ಟಿತೆಂದು ಹೆದರಿ ಬಿಸಿ ಗಾಳಿಯನ್ನು ನಿಲ್ಲಿಸಿಬಿಡಬಹುದು. ಕರಗುತ್ತಿದ್ದ ಮಂಜು ಮತ್ತೆ ಗಟ್ಟಿಯಾಗಿ, ಇರುವ ಒಂದೇ ಇಂಜಿನ್ನು ನಿಂತುಹೋಗಬಹುದು. ಕಾರಣ ತಿಳಿದವನು ಆ ನಡುಗುವಿಕೆಯನ್ನು ಮಂಜು ಕರಗುತ್ತಿರುವ ಗುರುತೆಂದು ತಿಳಿದು ಧೈರ್ಯದಿಂದ ಕಾಯುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಸುತ್ತುಗಳು ಮತ್ತೆ ಏರುತ್ತವೆ. ನಿಯಮವನ್ನು ಬಾಯಿಪಾಠ ಮಾಡುವುದಕ್ಕೂ ಅದರ ಕಾರಣವನ್ನು ಅರಿಯುವುದಕ್ಕೂ ಇರುವ ಅಂತರವನ್ನು ಶಿಕ್ಷಕರು ಇಲ್ಲಿ ಸ್ಪಷ್ಟಪಡಿಸಬೇಕು.

ತರಗತಿಯಲ್ಲಿ ಮಾಡಬೇಕಾದ ಕೃತಿಗಳು

1. ಉಷ್ಣತಾಮಾಪಕದ ಬುರುಡೆಗೆ ಹತ್ತಿ ಸುತ್ತಿ, ಸ್ಪಿರಿಟ್‌ನಿಂದ ತೋಯಿಸಿ, ಬೀಸಣಿಗೆಯಿಂದ ಗಾಳಿ ಬೀಸಿರಿ. ಪ್ರತಿ ನಿಮಿಷಕ್ಕೆ ತಾಪಮಾನವನ್ನು ಬರೆದುಕೊಳ್ಳಲು ಹೇಳಿರಿ. ಹತ್ತಿರದಲ್ಲಿ ಬೆಂಕಿ ಇರಬಾರದು.

2. ಸ್ಟೀಲಿನ ಲೋಟದಲ್ಲಿ ಮೂರು ಪಾಲು ಪುಡಿ ಮಾಡಿದ ಮಂಜುಗಡ್ಡೆ, ಒಂದು ಪಾಲು ಉಪ್ಪು ಬೆರೆಸಿರಿ. ಲೋಟದ ಹೊರಮೈಯಲ್ಲಿ ಬಿಳಿಯ ಹಿಮ ಕೂಡುವುದನ್ನು ತೋರಿಸಿರಿ. ಆ ನೀರು ಎಲ್ಲಿಂದ ಬಂತೆಂದು ಕೇಳಿರಿ.

3. 600 ಮೀಟರ್ ಎತ್ತರದ ಊರಿನಲ್ಲಿ 24° ಸೆಲ್ಸಿಯಸ್ ಇದೆ. ಪ್ರತಿ 1,000 ಮೀಟರಿಗೆ 6.5° ಸೆಲ್ಸಿಯಸ್ ಕಡಿಮೆಯಾದರೆ 0° ಸೆಲ್ಸಿಯಸ್‌ನ ಮಟ್ಟ ಎಷ್ಟು ಎತ್ತರದಲ್ಲಿದೆ? (ಉತ್ತರ: ಸಮುದ್ರಮಟ್ಟದಿಂದ ಸುಮಾರು 4,300 ಮೀಟರ್.) ತೇವಭರಿತ ಗಾಳಿಯಲ್ಲಿ ತಾಪಮಾನವು ನಿಧಾನವಾಗಿ ಇಳಿಯುವುದರಿಂದ ಮಳೆಗಾಲದಲ್ಲಿ ಈ ಮಟ್ಟ ಇನ್ನೂ ಮೇಲಿರುತ್ತದೆ ಎಂಬುದನ್ನೂ ತಿಳಿಸಿರಿ.

ಮೌಲ್ಯಮಾಪನಕ್ಕೆ ಈ ಪ್ರಶ್ನೆಯನ್ನು ಕೇಳಬಹುದು: 'ಬೆಚ್ಚನೆಯ ದಿನದಲ್ಲಿಯೂ ಇಂಜಿನ್ನಿನೊಳಗೆ ಮಂಜುಗಡ್ಡೆ ಏಕೆ ಉಂಟಾಗುತ್ತದೆ?' ಉತ್ತರದಲ್ಲಿ ಬಾಷ್ಪೀಭವನ ಮತ್ತು ಆರ್ದ್ರತೆ ಎಂಬ ಎರಡೂ ಅಂಶಗಳು ಬಂದರೆ ಘಟಕದ ಉದ್ದೇಶ ಸಫಲವಾಯಿತೆಂದು ತಿಳಿಯಬೇಕು.