ಸೈಲೆನ್ಸರ್ ಜಾಗದಲ್ಲೊಂದು ಕಾರ್ಖಾನೆ

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಮಾರಾಟವಾಗುತ್ತಿರುವ ಹೊಸ ಡೀಸೆಲ್ ಲಾರಿಗಳೆಲ್ಲ ಬಿಎಸ್-6, ಅಂದರೆ ಹೊಗೆಗೆ ಮಿತಿ ಹಾಕುವ ‘ಭಾರತ್ ಸ್ಟೇಜ್’ ನಿಯಮದ ಆರನೆಯ ಹಂತದವು. ನಾಲ್ಕರಿಂದ ಐದನ್ನು ಬಿಟ್ಟು ನೇರ ಆರಕ್ಕೆ ಜಿಗಿದದ್ದು ಸಣ್ಣ ಕೆಲಸವೇನಲ್ಲ. ಡೀಸೆಲ್‌ನಲ್ಲಿ ಹತ್ತು ಲಕ್ಷಕ್ಕೆ 50 ಪಾಲಿದ್ದ ಗಂಧಕದ ಮಿತಿ 10ಕ್ಕೆ ಇಳಿಯಿತು. ಭಾರಿ ವಾಹನದ ಎಂಜಿನ್ ಒಂದು ಯೂನಿಟ್ ಶಕ್ತಿಗೆ ಹೊರಬಿಡಬಹುದಾದ ನೈಟ್ರೋಜನ್ ಆಕ್ಸೈಡ್ 3.5 ಗ್ರಾಂನಿಂದ ಅರ್ಧ ಗ್ರಾಂಗಿಂತ ಕೆಳಕ್ಕೆ ಬಂತು. ಆದರೆ ಇದು ಷೋರೂಮ್ ಬಿಟ್ಟ ದಿನದ ಲಾರಿಯ ಲೆಕ್ಕ. ಅದೇ ಲಾರಿ ನಾಲ್ಕೈದು ವರ್ಷ ದುಡಿದ ಮೇಲೆ ಏನನ್ನು ಉಗುಳುತ್ತಿದೆ ಎಂಬುದನ್ನು ನಮ್ಮಲ್ಲಿ ಯಾರೂ ಸರಿಯಾಗಿ ಅಳೆಯುತ್ತಿಲ್ಲ. ಬಿಎಸ್-6ರ ಸ್ವಚ್ಛತೆ ಒಮ್ಮೆ ದುಡ್ಡು ಕೊಟ್ಟು ತಂದರೆ ಉಳಿಯುವಂಥದ್ದಲ್ಲ, ದಿನದಿನವೂ ಸಾಕಬೇಕಾದದ್ದು. ಆ ಸಾಕಣೆಯ ವ್ಯವಸ್ಥೆಯನ್ನು ಕಟ್ಟದೆಯೇ ನಾವು ಕಾನೂನು ತಂದಿದ್ದೇವೆ.

ಡೀಸೆಲ್ ಎಂಜಿನ್ನಿಗೆ ಹುಟ್ಟಿನಿಂದಲೇ ಒಂದು ಇಕ್ಕಟ್ಟಿದೆ. ಉರಿ ತೀಕ್ಷ್ಣವಾಗಿದ್ದರೆ ಇಂಧನ ಚೆನ್ನಾಗಿ ಸುಟ್ಟು ಮಸಿ ಕಡಿಮೆಯಾಗುತ್ತದೆ, ಮೈಲೇಜೂ ಸಿಗುತ್ತದೆ. ಆದರೆ ಆ ಕಾವಿನಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಬೆರೆತು ನೈಟ್ರೋಜನ್ ಆಕ್ಸೈಡ್ ಹುಟ್ಟುತ್ತದೆ. ಕಾವು ತಗ್ಗಿಸಿದರೆ ಈ ಅನಿಲ ಇಳಿದು ಮಸಿ ಏರುತ್ತದೆ. ಎರಡನ್ನೂ ಎಂಜಿನ್ನಿನೊಳಗೇ ಅದುಮುವುದು ಒಂದು ಹಂತದಾಚೆಗೆ ಆಗದ ಮಾತು. ಹಾಗಾಗಿ ತಯಾರಕರು ಶುದ್ಧೀಕರಣವನ್ನು ಎಂಜಿನ್ನಿನ ಹಿಂದಕ್ಕೆ ಸಾಗಿಸಿದರು. ಮೊದಲು ಬರಿಯ ಸೈಲೆನ್ಸರ್ ಇದ್ದ ಜಾಗದಲ್ಲಿ ಈಗ ಚಿಕ್ಕದೊಂದು ರಾಸಾಯನಿಕ ಕಾರ್ಖಾನೆಯೇ ಇದೆ. ಮೊದಲ ಕೋಣೆಯಲ್ಲಿ ಅರೆಬೆಂದ ಇಂಧನ ಉರಿದುಹೋಗುತ್ತದೆ. ಎರಡನೆಯದರಲ್ಲಿ ಡಿಪಿಎಫ್ ಎಂಬ ಸೋಸುಕ ಮಸಿಯನ್ನು ಹಿಡಿದಿಟ್ಟುಕೊಂಡು, ತುಂಬಿದಾಗ ಸುಮಾರು 600 ಡಿಗ್ರಿ ಕಾವಿನಲ್ಲಿ ಅದನ್ನು ಸುಟ್ಟು ಹಾಕುತ್ತದೆ. ಮೂರನೆಯದು ಎಸ್‌ಸಿಆರ್. ಡ್ರೈವರುಗಳು ಬರೀ ‘ಯೂರಿಯಾ’ ಎಂದು ಕರೆಯುವ ಡಿಇಎಫ್ ದ್ರಾವಣ ಬಿಸಿ ಹೊಗೆಯ ಮೇಲೆ ಸಿಂಪಡಿಕೆಯಾಗುತ್ತದೆ, ಅಮೋನಿಯಾ ಆಗುತ್ತದೆ. ಆ ಅಮೋನಿಯಾ ವೇಗವರ್ಧಕದ ಮೇಲೆ ನೈಟ್ರೋಜನ್ ಆಕ್ಸೈಡನ್ನು ಮರಳಿ ಸಾರಜನಕ ಮತ್ತು ನೀರಾಗಿಸುತ್ತದೆ. ನೂರು ಲೀಟರ್ ಡೀಸೆಲ್ಲಿಗೆ ಐದು ಲೀಟರ್ ಆಚೀಚೆ ಡಿಇಎಫ್ ಬೇಕು.

ಇಲ್ಲಿಯೇ ಜನಸಾಮಾನ್ಯರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಹಿಂದೆ ಎಸ್‌ಸಿಆರ್ ಇದೆ ಎಂಬ ಧೈರ್ಯದಲ್ಲಿ ಎಂಜಿನಿಯರುಗಳು ಎಂಜಿನ್ನನ್ನು ಮೈಲೇಜ್ ಕಡೆಗೆ, ಅಂದರೆ ತೀಕ್ಷ್ಣ ಉರಿಯ ಕಡೆಗೆ ವಾಲಿಸುತ್ತಾರೆ. ಎಸ್‌ಸಿಆರ್ ಕೆಲಸ ನಿಲ್ಲಿಸಿದರೆ ಆ ಎಂಜಿನ್ನಿನ ಕಚ್ಚಾ ಹೊಗೆ ಹಾಗೆಯೇ ಬೀದಿಗೆ ಬೀಳುತ್ತದೆ. ಆಗ ಅದರ ನೈಟ್ರೋಜನ್ ಆಕ್ಸೈಡ್, ಒಂದು ಯೂನಿಟ್ಟಿಗೆ 5 ಗ್ರಾಂ ಮಿತಿಯಿದ್ದ ಹಳೆಯ ಬಿಎಸ್-3 ಲಾರಿಯನ್ನು ಮುಟ್ಟಬಹುದು, ಮೀರಲೂಬಹುದು. ‘ಮೊದಲು ಹಳೆ ಲಾರಿಗಳನ್ನು ಗುಜರಿಗೆ ಹಾಕಿ, ಹೊಸದರ ತಂಟೆ ಯಾಕೆ’ ಎನ್ನುವವರಿಗೆ ಇದೇ ಉತ್ತರ. ಹಳೆಯವು ಹೋಗಬೇಕು, ಸರಿ. ಆದರೆ ಅವುಗಳ ಜಾಗಕ್ಕೆ ಬಂದದ್ದು ಕೆಟ್ಟು ಕೂತ ಬಿಎಸ್-6 ಆದರೆ ಊರಿಗೆ ದಕ್ಕಿದ ಲಾಭವೇನು? ಕಣ್ಣಿಗೆ ಕಾಣುವ ಕಪ್ಪು ಹೊಗೆ ಇಲ್ಲ ಎಂಬ ಸಮಾಧಾನ ಮಾತ್ರ.

ಕೆಡುವ ದಾರಿಗಳೋ ಬೇಕಾದಷ್ಟು. ಡಿಇಎಫ್ ಎಂದರೆ ನೂರಕ್ಕೆ 32.5 ಪಾಲು ಅತಿ ಶುದ್ಧ ಯೂರಿಯಾ, ಉಳಿದದ್ದು ಖನಿಜಾಂಶ ತೆಗೆದ ನೀರು. ರೈತರಿಗೆ ಸಬ್ಸಿಡಿಯಲ್ಲಿ ಸಿಗುವ 45 ಕೆ.ಜಿ. ಯೂರಿಯಾ ಚೀಲದ ಬೆಲೆ ಮುನ್ನೂರು ರೂಪಾಯಿಯೊಳಗೆ. ಅದನ್ನು ಬೋರ್‌ವೆಲ್ ನೀರಿನಲ್ಲಿ ಕದಡಿ ಕ್ಯಾನಿಗೆ ತುಂಬಿದರೆ ನೋಡುವ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಗೊಬ್ಬರದ ಯೂರಿಯಾಗೆ ಬೇವಿನೆಣ್ಣೆಯ ಲೇಪವಿದೆ, ನಮ್ಮ ಬಯಲುಸೀಮೆಯ ಗಡಸು ನೀರಿನಲ್ಲಿ ಸುಣ್ಣದಂಶವಿದೆ. ಸಿಂಪಡಿಸುವ ನಾಳದ ಬಾಯಿಗೆ ಬಿಳಿ ಹರಳು ಕಟ್ಟಿ ರಂಧ್ರ ಮುಚ್ಚಿಕೊಳ್ಳುತ್ತದೆ. ಸುಣ್ಣ, ಸೋಡಿಯಂ ಮುಂದಕ್ಕೆ ಹೋಗಿ ವೇಗವರ್ಧಕದ ಮೈಮೇಲೆ ಕೂತರೆ ಅದಕ್ಕೆ ಮರುಜೀವವಿಲ್ಲ. ಇಡೀ ಭಾಗವನ್ನೇ ಬದಲಿಸಬೇಕು. ಅಸಲಿ ಡಿಇಎಫ್ ಕೂಡ ಕಲಬುರಗಿಯ ಬೇಸಿಗೆಯಲ್ಲಿ ಅಂಗಡಿ ಮುಂದೆ ಬಿಸಿಲಿಗೆ ಕೂತರೆ ಬಹಳ ಬೇಗ ಹಾಳಾಗುತ್ತದೆ. ಎಂಜಿನ್ ಆಯಿಲಿನ ಕಥೆಯೂ ಇಂಥದ್ದೇ. ಮಸಿ ಸುಟ್ಟುಹೋಗುತ್ತದೆ, ಆದರೆ ಆಯಿಲಿನ ಸೇರ್ಪಡೆಗಳಿಂದ ಬರುವ ಬೂದಿ ಸುಡುವುದಿಲ್ಲ. ಅದು ಡಿಪಿಎಫ್‌ನಲ್ಲೇ ಗಟ್ಟಿಯಾಗುತ್ತ ಹೋಗುತ್ತದೆ. ಅದಕ್ಕೇ ಬಿಎಸ್-6ಗೆ ಕಡಿಮೆ ಬೂದಿಯ ಆಯಿಲ್ ಬೇಕು. ಇನ್ನೂರು ಮುನ್ನೂರು ರೂಪಾಯಿ ಉಳಿಯಿತೆಂದು ಹಳೆ ಬಗೆಯದನ್ನು ಸುರಿದರೆ ಫಿಲ್ಟರಿನ ಆಯುಸ್ಸು ಕರಗುತ್ತದೆ.

ಓಟದ ಬಗೆಯೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರು ಬಂದರಿನಿಂದ ಸರಕು ಹೇರಿಕೊಂಡು ಶಿರಾಡಿ ಘಾಟಿ ಹತ್ತುವ ಲಾರಿಯ ಹೊಗೆ ಚೆನ್ನಾಗಿ ಕಾದಿರುತ್ತದೆ, ಎಸ್‌ಸಿಆರ್ ಹುರುಪಿನಿಂದ ದುಡಿಯುತ್ತದೆ. ಬೆಂಗಳೂರಿನಲ್ಲಿ ಮನೆಮನೆ ಮುಂದೆ ನಿಂತು ಹೊರಡುವ ಕಸದ ಗಾಡಿ, ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ನೀರಿನ ಟ್ಯಾಂಕರ್ ಹಾಗಲ್ಲ. ಹೊಗೆ ಸುಮಾರು 200 ಡಿಗ್ರಿ ಮುಟ್ಟದಿದ್ದರೆ ಡಿಇಎಫ್ ಸಿಂಪಡಿಕೆಯೇ ಶುರುವಾಗುವುದಿಲ್ಲ. ಡಿಪಿಎಫ್‌ನ ಮಸಿ ಸುಡಲೂ ಕಾವು ಸಾಲದು. ಜನ ಹೆಚ್ಚಿರುವ ಕಡೆಯೇ ಈ ವ್ಯವಸ್ಥೆ ಸೊರಗುತ್ತದೆ ಎಂಬುದು ಇಲ್ಲಿನ ವಿಪರ್ಯಾಸ.

ಮಾಲೀಕರ ದೂರುಗಳಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ನಮ್ಮಲ್ಲಿ ಹೆಚ್ಚಿನವರು ಒಂದೆರಡು ಲಾರಿ ಇಟ್ಟುಕೊಂಡು ಕಂತು ಕಟ್ಟುವವರು. ಸೆನ್ಸರ್ ಒಂದು ತಪ್ಪು ಹೇಳಿದರೂ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಪಿಕಪ್ ಬೀಳುತ್ತದೆ. ಕಡೆಗೆ ಗಾಡಿ 20 ಕಿಲೋಮೀಟರ್ ವೇಗದಲ್ಲಿ ತೆವಳುವಂತೆಯೂ ಆಗಬಹುದು. ಊರ ಗ್ಯಾರೇಜಿನವನ ಕೈಯಲ್ಲಿ ಸ್ಪ್ಯಾನರ್ ಇದೆ, ಕಂಪನಿಯ ಸಾಫ್ಟ್‌ವೇರ್ ಇಲ್ಲ. ಗಾಡಿ ನಿಂತ ಒಂದೊಂದು ದಿನವೂ ಬಾಡಿಗೆ ನಷ್ಟ. ಅಮೆರಿಕದಲ್ಲೂ ಇದೇ ಗೊಣಗಾಟ ಬೆಳೆದು, 2025ರ ಆಗಸ್ಟ್‌ನಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ದಿಢೀರ್ ಶಿಕ್ಷೆಯನ್ನು ಸಡಿಲಿಸುವಂತೆ ತಯಾರಕರಿಗೆ ಸೂಚಿಸಿತು. ಶಿಕ್ಷೆಯ ಬಗೆ ಬದಲಾಗಬಹುದು, ಬದಲಾಗಬೇಕು ಕೂಡ. ರಿಪೇರಿಗೆ ಬೇಕಾದ ಮಾಹಿತಿ ಕಂಪನಿಯ ಗೋಡೆಯೊಳಗೇ ಉಳಿಯಬಾರದು. ಆದರೆ ಕೆಲವರು ಹಿಡಿಯುವ ಅಡ್ಡದಾರಿ ಬೇರೆ. ಡಿಇಎಫ್ ಸರಿಯಾಗಿ ಹೋಗುತ್ತಿದೆ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುವ ‘ಎಮ್ಯುಲೇಟರ್’ ಎಂಬ ಅಂಗೈಯಗಲದ ಡಬ್ಬಿ ಹಾಕಿಸಿದರೆ ದೀಪ ಆರುತ್ತದೆ, ಖರ್ಚು ಉಳಿಯುತ್ತದೆ, ವಿಷವೆಲ್ಲ ದಾರಿಬದಿಯವರ ಪಾಲಾಗುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವರಲ್ಲಿ ಡ್ರೈವರ್, ಕ್ಲೀನರುಗಳೂ ಇದ್ದಾರೆ.

ಎಲೆಕ್ಟ್ರಿಕ್ ಲಾರಿ ಬರುತ್ತದಲ್ಲ, ಇದೆಲ್ಲ ಯಾಕೆ ಎಂದರೆ, ಇಂದು ರಸ್ತೆಗಿಳಿದ ಡೀಸೆಲ್ ಲಾರಿ ಇನ್ನೂ ಹತ್ತು ಹದಿನೈದು ವರ್ಷ ಓಡುತ್ತದೆ. ಅಷ್ಟೂ ಕಾಲ ಅದನ್ನು ಹಿಡಿದು ಕೇಳುವುದು ನಮ್ಮ ಎಮಿಷನ್ ಟೆಸ್ಟ್. ಅದು ಮಾಡುವುದಿಷ್ಟೇ: ನಿಂತ ಗಾಡಿಯ ಆಕ್ಸಿಲರೇಟರ್ ಒತ್ತಿಸಿ, ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆ ಎಂದು ನೋಡುವುದು. ನೈಟ್ರೋಜನ್ ಆಕ್ಸೈಡ್ ಆ ಯಂತ್ರದ ಅಳತೆಗೇ ಬರುವುದಿಲ್ಲ. ಬಿರುಕು ಬಿಟ್ಟ ಡಿಪಿಎಫ್ ಇದ್ದರೂ ಬಹಳ ಸಲ ಪಾಸಾಗುತ್ತದೆ, ಏಕೆಂದರೆ ಈಗಿನ ಕಣಗಳು ಬೆಳಕಿಗೆ ಅಡ್ಡಬರದಷ್ಟು ಸಣ್ಣವು. ಇದನ್ನು ಕಂಡುಕೊಂಡೇ ಬೆಲ್ಜಿಯಂ 2022ರಲ್ಲಿ, ನೆದರ್ಲ್ಯಾಂಡ್ಸ್ ಮತ್ತು ಜರ್ಮನಿ 2023ರಲ್ಲಿ ಕಣಗಳನ್ನೇ ಎಣಿಸುವ ಪರೀಕ್ಷೆಗೆ ಬಂದವು. ನಮಗೆ ಅಷ್ಟು ದೂರ ಹೋಗುವ ಮುಂಚೆಯೇ ಮಾಡಬಹುದಾದ ಅಗ್ಗದ ಕೆಲಸಗಳಿವೆ. ಡಿಇಎಫ್ ಸಾಂದ್ರತೆಯನ್ನು ಒಂದೇ ಹನಿಯಲ್ಲಿ ತೋರಿಸುವ ಕೈಯಳತೆಯ ರಿಫ್ರ್ಯಾಕ್ಟೋಮೀಟರನ್ನು ಪ್ರತಿ ಆರ್‌ಟಿಓ ತಪಾಸಣೆಯಲ್ಲೂ ಇಡಬಹುದು. ಇನ್ನು ಬಿಎಸ್-6 ಲಾರಿಯ ಮೈಯಲ್ಲೇ ನೈಟ್ರೋಜನ್ ಆಕ್ಸೈಡ್ ಸೆನ್ಸರ್ ಇದೆ. ಯಾವ ದೋಷ ಕಂಡಿತು, ಎಷ್ಟು ಗಂಟೆ ಹಾಗೆಯೇ ಓಡಿತು ಎಂಬುದು ಅದರ ಕಂಪ್ಯೂಟರಿನಲ್ಲಿ ಬರೆದಿಟ್ಟಿರುತ್ತದೆ. ಸ್ಟೇರಿಂಗ್ ಆಸುಪಾಸಿನ ಒಂದು ಸಾಕೆಟ್ಟಿಗೆ ತಂತಿ ಸಿಕ್ಕಿಸಿದರೆ ಅದನ್ನು ಓದಬಹುದು. ಸರ್ಟಿಫಿಕೇಟ್ ಕೊಡುವವನು ಮಾತ್ರ ಇವತ್ತಿಗೂ ಸೈಲೆನ್ಸರಿನ ಬಾಯಿಗೆ ಕೊಳವೆ ಇಟ್ಟು ಗಾಡಿಯನ್ನು ಕಳಿಸಿಬಿಡುತ್ತಾನೆ.