ಗಾಳದ ರೀಲಿನ ಜೀರ್ಣೋದ್ಧಾರ

ಗಾಳ ಹಾಕಿ ಮೀನು ಹಿಡಿಯುವುದೆಂದರೆ ನಮ್ಮ ಕಣ್ಣಮುಂದೆ ಬರುವುದು ಒಂದು ಬಿದಿರುಕೋಲು, ಎರಡು ಮಾರು ದಾರ, ಅದರ ತುದಿಯಲ್ಲಿ ಒಂದು ಎರೆಹುಳು. ಕೆರೆಯ ಏರಿಯ ಮೇಲೆ ಕುಳಿತು ಸಣ್ಣ ಮೀನು ಹಿಡಿಯುವವನಿಗೆ ಇಷ್ಟೇ ಸಾಕು. ಆದರೆ ಎರೆಯನ್ನು ಮೂವತ್ತು ನಲವತ್ತು ಮೀಟರು ದೂರದ ಮಡುವಿಗೆ ಎಸೆಯಬೇಕಾದರೆ, ಅಲ್ಲಿ ಕಚ್ಚಿದ ಬಲಿಷ್ಠ ಮೀನನ್ನು ದಾರ ಹರಿಯದಂತೆ ದಡಕ್ಕೆ ತರಬೇಕಾದರೆ, ದಾರವನ್ನು ಬಿಡುವ, ಸುತ್ತುವ ಮತ್ತು ಬಿಗಿಹಿಡಿಯುವ ಯಂತ್ರವೊಂದು ಅವಶ್ಯಕ. ಅದೇ ರೀಲು. ರೀಲುಗಳಲ್ಲಿ ‘ಬೇಟ್‌ಕಾಸ್ಟಿಂಗ್’ ಎಂಬ ಬಗೆಯದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು; ಆದರೂ ಅದರೊಳಗೆ ಕಾಲೇಜಿನ ಭೌತವಿಜ್ಞಾನದ ಅರ್ಧ ಪುಸ್ತಕವೇ ಅಡಗಿದೆ ಎಂದರೆ ಅತಿಶಯೋಕ್ತಿಯಾಗದು.

ಬೆಂಗಳೂರಿನ ವಿಜಯನಗರದ ಮಗ್ಗುಲಲ್ಲಿರುವ ಮಾರೇನಹಳ್ಳಿಯ ವಿದ್ಯಾರ್ಥಿಯೊಬ್ಬನಿಗೆ, ಭಾನುವಾರದ ಹಳೆಯ ಸಾಮಾನಿನ ಸಂತೆಯಲ್ಲಿ ಇಂಥದೊಂದು ರೀಲು ದೊರೆಯಿತೆನ್ನೋಣ. ಹಿಡಿ ತಿರುಗಿಸಿದರೆ ಕರಕರ ಶಬ್ದ. ಹಿತ್ತಾಳೆಯ ಭಾಗಗಳ ಮೇಲೆ ಹಸಿರು ಕಿಲುಬು. ಒಳಗೆ ಅಂಟಾಗಿ ಗಟ್ಟಿಯಾದ ಗ್ರೀಸು. ಇದನ್ನು ಸರಿಪಡಿಸಬಹುದೇ? ಸರಿಪಡಿಸಿದ ಮೇಲೆ ಹೊಸ ಭಾಗಗಳನ್ನು ಹಾಕಿ ಇನ್ನೂ ಉತ್ತಮಪಡಿಸಬಹುದೇ? ಇವೆರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದರೆ ಮೊದಲು ರೀಲಿನ ಮರ್ಮವನ್ನು ಅರಿಯಬೇಕು.

ಗಡಿಯಾರದ ನಂಟು

ಈ ಬಗೆಯ ರೀಲು ಹುಟ್ಟಿದ್ದು ಗಡಿಯಾರ ರಿಪೇರಿಯವನ ಮೇಜಿನ ಮೇಲೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿ ಸಂಸ್ಥಾನದ ಪ್ಯಾರಿಸ್ ಎಂಬ ಊರಿನ ಗಡಿಯಾರ ತಯಾರಕ ಜಾರ್ಜ್ ಸ್ನೈಡರ್, ಹಿಡಿಯ ಒಂದು ಸುತ್ತಿಗೆ ಉರುಳೆಯು ಹಲವು ಸುತ್ತು ಸುತ್ತುವಂತೆ ಹಲ್ಲುಚಕ್ರಗಳನ್ನು ಜೋಡಿಸಿದನು. ದಾರ ಸುತ್ತಿಕೊಂಡಿರುವ ದಿಂಡನ್ನೇ ಇಲ್ಲಿ ಉರುಳೆಯೆಂದು ಕರೆದಿದೆ. ರೀಲುಗಳಿಗೆ ಹೆಸರಾದ ಸ್ವೀಡನ್ನಿನ ಆಬು ಸಂಸ್ಥೆಯೂ 1921ರಲ್ಲಿ ಆರಂಭವಾದದ್ದು ಗಡಿಯಾರದ ಕಾರ್ಖಾನೆಯಾಗಿಯೇ. 1961ರಲ್ಲಿ ಎಚ್.ಎಂ.ಟಿ. ಕೈಗಡಿಯಾರಗಳ ತಯಾರಿಕೆ ಮೊದಲಾದ ಬೆಂಗಳೂರಿನಲ್ಲಿ, ಇಂಥ ಸೂಕ್ಷ್ಮ ಯಂತ್ರವನ್ನು ಬಿಚ್ಚಿ ಜೋಡಿಸುವ ಕೆಲಸಕ್ಕೆ ಯಾರೂ ಬೆರಗಾಗಬೇಕಿಲ್ಲ. ಗಡಿಯಾರದಂತೆ ಇಲ್ಲಿಯೂ ಸಣ್ಣ ಅಚ್ಚುಗಳು, ನಯವಾದ ಹಲ್ಲುಗಳು, ತೊಟ್ಟಿನ ಲೆಕ್ಕದ ಎಣ್ಣೆ. ಆದರೆ ವೇಗ ಮಾತ್ರ ಬೇರೆ.

ಆ ವೇಗ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಸುತ್ತಿದ ದಾರವೂ ಸೇರಿ ಉರುಳೆಯ ವ್ಯಾಸ 35 ಮಿಲಿಮೀಟರ್ ಎಂದಿಟ್ಟುಕೊಂಡರೆ ಅದರ ಪರಿಧಿ ಸುಮಾರು 110 ಮಿಲಿಮೀಟರ್. ಎಸೆದ ಎರೆಯು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹಾರಿದರೆ ಉರುಳೆಯು ಸೆಕೆಂಡಿಗೆ ಸುಮಾರು 180 ಸುತ್ತು, ಎಂದರೆ ಮಿನಿಟಿಗೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಬೇಕು. ನಿಂತಿದ್ದ ಉರುಳೆಯು ಕಣ್ಣು ಮಿಟುಕಿಸುವಷ್ಟರಲ್ಲಿ ಈ ವೇಗವನ್ನು ಪಡೆಯಬೇಕು. ಎರೆಯ ವೇಗ ತಗ್ಗಿದೊಡನೆ ತಾನೂ ತಗ್ಗಬೇಕು.

ಗೋಜಲಿನ ಕಾರಣ

ತೊಡಕಿರುವುದು ಇಲ್ಲಿಯೇ. ಕುಂಬಾರನು ಕೋಲನ್ನು ತೆಗೆದ ಮೇಲೂ ತಿಗರಿ ತಿರುಗುತ್ತಲೇ ಇರುವಂತೆ, ಗಾಳಿಯ ತಡೆಯಿಂದ ಎರೆಯ ವೇಗ ಕುಂದಿದ ಮೇಲೂ ಉರುಳೆಯು ಜಡತ್ವದಿಂದಾಗಿ ಮೊದಲಿನ ವೇಗದಲ್ಲಿಯೇ ತಿರುಗಲು ಯತ್ನಿಸುತ್ತದೆ. ಎರೆಯು ಎಳೆದುಕೊಳ್ಳುವುದಕ್ಕಿಂತ ಹೆಚ್ಚು ದಾರ ಬಿಚ್ಚಿ, ಹಕ್ಕಿಗೂಡಿನಂಥ ಗೋಜಲಾಗುತ್ತದೆ. ಈ ರೀಲು ಬಳಸುವವರೆಲ್ಲರೂ ಹೆಬ್ಬೆರಳನ್ನು ಉರುಳೆಯ ಮೇಲೆ ಹಗುರವಾಗಿ ಒತ್ತಿ ಹಿಡಿಯುವುದನ್ನು ಕಲಿಯುವುದು ಇದಕ್ಕಾಗಿಯೇ.

ಹೆಬ್ಬೆರಳಿಗೆ ನೆರವಾಗಿ ರೀಲಿನೊಳಗೆ ಬ್ರೇಕುಗಳೂ ಇರುತ್ತವೆ. ಒಂದು ಬಗೆಯಲ್ಲಿ, ಉರುಳೆಯೊಡನೆ ತಿರುಗುವ ಸಣ್ಣ ತುಂಡುಗಳು ಕೇಂದ್ರದಿಂದ ಹೊರಕ್ಕೆ ಸರಿದು ಒಂದು ಬಳೆಗೆ ಉಜ್ಜುತ್ತವೆ. ಇವುಗಳ ಒತ್ತಡ ಸುತ್ತುವೇಗದ ವರ್ಗಕ್ಕನುಗುಣವಾದದ್ದು. ವೇಗ ಇಮ್ಮಡಿಯಾದರೆ ತಡೆ ನಾಲ್ಮಡಿ. ಇನ್ನೊಂದು ಬಗೆಯಲ್ಲಿ ಅಲ್ಯೂಮಿನಿಯಂ ಉರುಳೆಯ ಮಗ್ಗುಲಿಗೆ ಅಯಸ್ಕಾಂತಗಳಿರುತ್ತವೆ. ಅಲ್ಯೂಮಿನಿಯಂ ಅನ್ನು ಅಯಸ್ಕಾಂತ ಆಕರ್ಷಿಸುವುದಿಲ್ಲವಷ್ಟೆ. ಆದರೆ ಕಾಂತಕ್ಷೇತ್ರದಲ್ಲಿ ತಿರುಗುವ ಲೋಹದಲ್ಲಿ ಸುಳಿ ವಿದ್ಯುತ್ಪ್ರವಾಹಗಳುಂಟಾಗಿ ಆ ಚಲನೆಯನ್ನೇ ವಿರೋಧಿಸುತ್ತವೆ. ತಾಮ್ರದ ಕೊಳವೆಯೊಳಗೆ ಬಿಟ್ಟ ಅಯಸ್ಕಾಂತ ನಿಧಾನವಾಗಿ ಇಳಿಯುವುದನ್ನು ಪ್ರಯೋಗಶಾಲೆಯಲ್ಲಿ ಕಂಡವರಿಗೆ ಇದು ಹೊಸದಲ್ಲ. ಈ ತಡೆ ವೇಗಕ್ಕೆ ನೇರ ಅನುಪಾತದಲ್ಲಿರುತ್ತದೆ; ಯಾವ ಭಾಗವೂ ಸವೆಯುವುದಿಲ್ಲ.

ಬಿಚ್ಚುವುದು, ತೊಳೆಯುವುದು

ಕೊಳ್ಳುವ ಮುನ್ನವೇ ಮೂರು ಪರೀಕ್ಷೆಗಳನ್ನು ಮಾಡಬೇಕು. ಉರುಳೆಯನ್ನು ಬೆರಳಿಂದ ಅಲುಗಿಸಿ ಅದು ಮೇಲೆ ಕೆಳಗೆ ಓಲಾಡುತ್ತದೆಯೇ ನೋಡುವುದು. ಹಿಡಿಯನ್ನು ತಿರುಗಿಸಿ, ಹಲ್ಲು ತಪ್ಪಿ ಜಾರುತ್ತದೆಯೇ ಎಂದು ಗಮನಿಸುವುದು. ದಾರವನ್ನು ಎಳೆದು, ಅದು ಸಮವಾಗಿ ಬರುತ್ತದೆಯೋ ಜಗ್ಗಿ ಜಗ್ಗಿ ಬರುತ್ತದೆಯೋ ಪರೀಕ್ಷಿಸುವುದು. ಚೌಕಟ್ಟು ಬಾಗಿದ್ದರೆ ಅಥವಾ ಮುಖ್ಯ ಹಲ್ಲುಚಕ್ರ ಮುರಿದಿದ್ದರೆ ಅಂಥ ರೀಲನ್ನು ಬಿಡುವುದೇ ಲೇಸು. ಕರಕರ ಶಬ್ದ ಮಾತ್ರವಿದ್ದರೆ ಅದು ಬಹುಮಟ್ಟಿಗೆ ಕೊಳೆಯ ದೂರು.

ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇಡಬೇಕು. ಪ್ರತಿ ಹಂತದಲ್ಲಿಯೂ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡರೆ ಮರುಜೋಡಣೆ ಸುಲಭ. ಒಳಗಿನ ಸ್ಪ್ರಿಂಗುಗಳು ಚಿಮ್ಮಿ ಕಳೆದುಹೋಗುವ ಸಂಭವ ಉಂಟು; ಅವನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೇ ಬಿಚ್ಚುವುದು ಜಾಣತನ. ಲೋಹದ ಭಾಗಗಳನ್ನು ಟರ್ಪೆಂಟೈನಿನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಗ್ರೀಸು ಬಿಡುತ್ತದೆ. ಈ ಕೆಲಸ ಗಾಳಿಯಾಡುವ ಸ್ಥಳದಲ್ಲಿ, ಬೆಂಕಿಯಿಂದ ದೂರದಲ್ಲಿ ನಡೆಯಬೇಕು. ಪ್ಲಾಸ್ಟಿಕ್, ರಬ್ಬರು ಮತ್ತು ತಡೆಬಿಲ್ಲೆಗಳನ್ನು ಇದರಲ್ಲಿ ಅದ್ದಬಾರದು.

ರೀಲು ಕರಾವಳಿಯಿಂದ ಬಂದದ್ದಾದರೆ ಇನ್ನೊಂದು ತೊಂದರೆ ಕಾಣುತ್ತದೆ. ಅಲ್ಯೂಮಿನಿಯಂ ಚೌಕಟ್ಟಿಗೆ ಉಕ್ಕಿನ ಇಲ್ಲವೆ ಹಿತ್ತಾಳೆಯ ತಿರುಪು ತಗುಲಿರುವ ಕಡೆ ಉಪ್ಪುನೀರು ಸೇರಿದರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಸಿದ್ಧವಾಗುತ್ತದೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಬಿಳಿಯ ಪುಡಿಯೇ ಅದರ ಗುರುತು. ಸಮುದ್ರದಲ್ಲಿ ಬಳಸಿದ ರೀಲನ್ನು ಅಂದೇ ಸಿಹಿನೀರಿನಲ್ಲಿ ತೊಳೆಯಬೇಕೆಂಬುದರ ಕಾರಣ ಇದು.

ತೊಳೆದು ಒಣಗಿಸಿದ ಬೇರಿಂಗನ್ನು ಪೆನ್ಸಿಲಿನ ತುದಿಗೆ ಸಿಕ್ಕಿಸಿ ತಿರುಗಿಸಿದಾಗ ಇನ್ನೂ ಗರಗರ ಎಂದರೆ ಅದನ್ನು ಬದಲಿಸಬೇಕು. ಒಳವ್ಯಾಸ, ಹೊರವ್ಯಾಸ, ದಪ್ಪ, ಈ ಮೂರನ್ನು ವರ್ನಿಯರ್‌ನಿಂದ ಅಳೆದರೆ ಸರಿಯಾದ ಬೇರಿಂಗನ್ನು ಕೇಳಿ ಪಡೆಯಬಹುದು. ಹಿತ್ತಾಳೆಯ ಬುಷ್ಷು ಸವೆದಿದ್ದರೆ, ಮಾರೇನಹಳ್ಳಿಗೆ ದೂರವಲ್ಲದ ಕಾಮಾಕ್ಷಿಪಾಳ್ಯದ ಲೇತ್ ಕಾರ್ಯಾಗಾರಗಳಲ್ಲಿ ಅಂಥದನ್ನು ಕಡೆಸುವುದು ಕಷ್ಟವಲ್ಲ.

ಎಣ್ಣೆಯಲ್ಲಿಯೂ ವಿವೇಕ ಬೇಕು. ಹಲ್ಲುಚಕ್ರಗಳು ನಿಧಾನವಾಗಿ, ಭಾರ ಹೊತ್ತು ತಿರುಗುವುವು. ಅವಕ್ಕೆ ಜಾರಿಹೋಗದ ಗ್ರೀಸು ತೆಳುವಾಗಿ ಇರಬೇಕು. ಉರುಳೆಯ ಬೇರಿಂಗು ಹಗುರ ಭಾರದಲ್ಲಿ ಮಹಾವೇಗದಿಂದ ತಿರುಗುವುದು. ಅದಕ್ಕೆ ಸ್ನಿಗ್ಧತೆ ಕಡಿಮೆಯಾದ ಎಣ್ಣೆ ಒಂದೇ ತೊಟ್ಟು ಸಾಕು. ಹೊಲಿಗೆ ಯಂತ್ರದ ಎಣ್ಣೆ ಈ ಕೆಲಸಕ್ಕೆ ಒಗ್ಗುತ್ತದೆ. ಅಲ್ಲಿ ಗ್ರೀಸು ತುಂಬಿದರೆ ಎಸೆತ ಮೊಟಕಾಗುತ್ತದೆ.

ಉತ್ತಮಪಡಿಸುವುದೆಂದರೆ

ಹಳೆಯ ರೀಲಿಗೆ ಹೊಸ ಭಾಗಗಳನ್ನು ಕೂಡಿಸುವಾಗ ಎಲ್ಲರ ಕಣ್ಣು ಮೊದಲು ಬೀಳುವುದು ಬೇರಿಂಗುಗಳ ಮೇಲೆ. ಉಕ್ಕಿನ ಗುಂಡುಗಳ ಬದಲು ಸಿಲಿಕಾನ್ ನೈಟ್ರೈಡಿನ ಗುಂಡುಗಳನ್ನು ಹಾಕಿದರೆ ತುಕ್ಕಿನ ಭಯವಿಲ್ಲ. ತೂಕವೂ ಅರ್ಧಕ್ಕಿಂತ ಕಡಿಮೆ. ಉರುಳೆಯು ಹೆಚ್ಚು ಹೊತ್ತು ಸ್ವಚ್ಛಂದವಾಗಿ ತಿರುಗುತ್ತದೆ. ಆದರೆ ಸ್ವಚ್ಛಂದವಾಗಿ ತಿರುಗುವ ಉರುಳೆ ಗೋಜಲಿಗೂ ಅಷ್ಟೇ ಸಿದ್ಧವಾಗಿರುತ್ತದೆ ಎಂಬುದನ್ನು ಮರೆಯಬಾರದು. ಘರ್ಷಣೆಯನ್ನು ಕಡಿಮೆ ಮಾಡಿದವನು ಬ್ರೇಕನ್ನು ಬಲಪಡಿಸಲೇಬೇಕು.

ಇದಕ್ಕಿಂತ ಒಳ್ಳೆಯ ದಾರಿ ಜಡತ್ವವನ್ನೇ ತಗ್ಗಿಸುವುದು. ತಿರುಗುವ ವಸ್ತುವಿನ ಜಡತ್ವವು ಅದರ ದ್ರವ್ಯರಾಶಿಯನ್ನೂ ಆ ರಾಶಿಯು ಅಕ್ಷದಿಂದಿರುವ ದೂರದ ವರ್ಗವನ್ನೂ ಅವಲಂಬಿಸಿದೆ. ಹಿತ್ತಾಳೆಯ ಉರುಳೆಯ ಬದಲು ಅದೇ ಆಕಾರದ ಅಲ್ಯೂಮಿನಿಯಂ ಉರುಳೆ ಹಾಕಿದರೆ ಅದರ ಜಡತ್ವ ಮೂರನೆಯ ಒಂದು ಭಾಗಕ್ಕಿಳಿಯುತ್ತದೆ. ಕಾಸು ಖರ್ಚಿಲ್ಲದ ಉಪಾಯವೂ ಒಂದುಂಟು: ಬೇಕಾದಷ್ಟೇ ದಾರ ಸುತ್ತುವುದು. ಅಂಚಿನವರೆಗೆ ತುಂಬಿದ ದಾರ ಅಕ್ಷದಿಂದ ಅತಿ ದೂರದಲ್ಲಿರುವ ಭಾರವಲ್ಲವೇ?

ಹಲ್ಲುಚಕ್ರಗಳ ವಿಷಯದಲ್ಲಿಯೂ ಹೀಗೆಯೇ. ಹಿಡಿಯ ಒಂದು ಸುತ್ತಿಗೆ ಉರುಳೆ ಐದು ಸುತ್ತು ತಿರುಗಿದರೆ ಸುಮಾರು 55 ಸೆಂಟಿಮೀಟರ್ ದಾರ ಒಳಬರುತ್ತದೆ. ಏಳು ಸುತ್ತಾದರೆ 77. ಆದರೆ ಎಳೆಯುವ ಬಲ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ವೇಗ ಮತ್ತು ಬಲ ಎರಡನ್ನೂ ಒಟ್ಟಿಗೆ ಕೊಡುವ ಹಲ್ಲುಚಕ್ರವನ್ನು ಯಾವ ಕಾರ್ಖಾನೆಯೂ ಮಾಡಲಾರದು.

ಮೀನಿನ ಪಾಲಿನ ತಡೆ

ನಿಜವಾಗಿ ಹಣ ಹಾಕಲು ಯೋಗ್ಯವಾದ ಭಾಗ, ಮೀನು ಎಳೆದಾಗ ದಾರವನ್ನು ಹದವಾಗಿ ಬಿಟ್ಟುಕೊಡುವ ತಡೆಬಿಲ್ಲೆಗಳ ಜೋಡಣೆ. ಹಳೆಯ ರೀಲುಗಳ ಚರ್ಮದ ಅಥವಾ ನಾರಿನ ಬಿಲ್ಲೆಗಳು ಗಟ್ಟಿಯಾದರೆ ಮೊದಲು ಅಂಟಿಕೊಂಡು, ಬಳಿಕ ಒಮ್ಮೆಲೆ ಜಾರುತ್ತವೆ. ಸ್ಥಿರ ಘರ್ಷಣೆ ಚಲನ ಘರ್ಷಣೆಗಿಂತ ಹೆಚ್ಚೆಂಬ ಪಾಠದ ಮಾತು ಇಲ್ಲಿ ದಾರವನ್ನೇ ಹರಿಯಬಲ್ಲದು. ಕಾರ್ಬನ್ ನಾರಿನ ಬಿಲ್ಲೆಗಳಲ್ಲಿ ಈ ಅಂತರ ಕಡಿಮೆ. ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು, ದಾರದ ಸಾಮರ್ಥ್ಯದ ಮೂರನೆಯ ಒಂದು ಭಾಗಕ್ಕೆ ಮೀರದಂತೆ ತಡೆಯನ್ನು ಹೊಂದಿಸಬೇಕು. ಆರು ಕಿಲೋಗ್ರಾಂ ತಾಳುವ ದಾರಕ್ಕೆ ಎರಡು ಕಿಲೋಗ್ರಾಂ. ದಾರ ಖಾಲಿಯಾಗುತ್ತ ಉರುಳೆಯ ತ್ರಿಜ್ಯ ಅರ್ಧಕ್ಕಿಳಿದರೆ ಅದೇ ತಡೆಯಲ್ಲಿ ದಾರದ ಮೇಲಿನ ಎಳೆತ ಎರಡರಷ್ಟಾಗುತ್ತದೆ. ಆದ್ದರಿಂದಲೇ ಈ ಎಚ್ಚರ.

ಇದು ಕೇವಲ ದಾರದ ಪ್ರಶ್ನೆಯಲ್ಲ. 1946ರಲ್ಲಿ ಮೈಸೂರಿನ ಜೆ. ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಹಿಡಿದ ಮಾಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ಕಾವೇರಿ ತೀರದವರು ಬಿಳಿಮೀನೆಂದು ಕರೆಯುವ ಆ ಗೂನುಬೆನ್ನಿನ ಮಾಶೀರ್ 2018ರಲ್ಲಿ ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿತು. ದಾರ ಹರಿದರೆ ಗಾಳ ಮೀನಿನ ಬಾಯಲ್ಲಿ ಉಳಿಯುತ್ತದೆ. ಸೆಣಸಾಟ ಬೆಳೆದರೆ, ನೀರಿಗೆ ಮರಳಿ ಬಿಟ್ಟ ಮೀನೂ ಬಳಲಿ ಸಾಯಬಹುದು. ಸಮವಾಗಿ ಜಾರುವ ತಡೆ ಇವೆರಡನ್ನೂ ತಗ್ಗಿಸುತ್ತದೆ. ಕಾವೇರಿ ವನ್ಯಧಾಮದಂಥ ರಕ್ಷಿತ ಪ್ರದೇಶಗಳಲ್ಲಿ ಗಾಳ ಹಾಕುವಂತಿಲ್ಲ. ಕೆರೆಗಳಲ್ಲಿಯೂ ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಡುವುದುಂಟಾದ್ದರಿಂದ ಅನುಮತಿ ಪಡೆದೇ ಹೋಗಬೇಕು.

ಹೀಗೆ ನೋಡಿದರೆ ರೀಲಿನ ಹೆಚ್ಚುಗಾರಿಕೆಯನ್ನು ಅದು ಎಷ್ಟು ಹೊತ್ತು ತಿರುಗುತ್ತದೆ ಎಂಬುದರಿಂದ ಅಳೆಯಲಾಗದು. ಓಡಬೇಕಾದಾಗ ಓಡಿ, ತಡೆಯಬೇಕಾದಾಗ ತಡೆಯುವ ರೀಲೇ ಒಳ್ಳೆಯ ರೀಲು. ಸಂತೆಯಲ್ಲಿ ಕೊಂಡ ಹಳೆಯ ರೀಲಿಗೆ ಮೊದಲು ಬೇಕಾದದ್ದು ಶುದ್ಧಿ, ಅನಂತರ ಒಳ್ಳೆಯ ತಡೆಬಿಲ್ಲೆ. ಬೆಲೆಬಾಳುವ ಬೇರಿಂಗಿನ ಸರದಿ ಕೊನೆಯದು.