ಶಿರಾದ ದಖ್ಖನಿ ಮನೆಗಳಲ್ಲಿ ಅಜ್ಜನ ಊರು

ನಮ್ಮಲ್ಲಿ ಮನೆತನದ ಮಾತು ಬಂದರೆ ಸಾಕು, ಎಲ್ಲಿಂದಲೋ ಒಂದು ಅರಬ್ ಹಡಗು ಬಂದು ನಿಲ್ಲುತ್ತದೆ. ‘ಬ್ಯಾರಿ’ ಅನ್ನುವ ಹೆಸರನ್ನೇ ಕೆಲವರು ‘ಬಹ್ರ್’, ಅಂದರೆ ಸಮುದ್ರ, ಎಂಬ ಅರಬಿ ಪದಕ್ಕೆ ಜೋಡಿಸುತ್ತಾರೆ. ಇನ್ನು ಕೆಲವರು ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರ, ಅಂತಾರೆ. ತುಮಕೂರು ಜಿಲ್ಲೆಯ ಶಿರಾ ಸೀಮೆಯಲ್ಲಿ ಕಡಲಿಲ್ಲ, ಹಡಗೂ ಇಲ್ಲ. ಆದರೆ ಅಲ್ಲಿನ ದಖ್ಖನಿ ಮಾತಿನ ಮನೆಗಳಿಗೂ ಇದೇ ಪ್ರಶ್ನೆ ಉಂಟು: ಅಜ್ಜಂದಿರು ಬಿಜಾಪುರದಿಂದ ಬಂದರೋ, ದಿಲ್ಲಿಯಿಂದಲೋ?

ಎರಡಕ್ಕೂ ಆಧಾರ ಇದೆ. ಮೊದಲು ಬಂದದ್ದು ಬಿಜಾಪುರದ ಸೈನ್ಯ. ಅವರ ಅಧಿಕಾರಿ ಮಲಿಕ್ ರೆಹಾನ್ ಅವರ ಗೋರಿ ಇವತ್ತಿಗೂ ಶಿರಾದಲ್ಲಿದೆ. 1687ರಲ್ಲಿ ಮೊಗಲರು ಬಂದು ಶಿರಾವನ್ನೇ ಒಂದು ಸುಬಾದ ರಾಜಧಾನಿ ಮಾಡಿದರು. ಕೋಲಾರ, ಹೊಸಕೋಟೆ, ಪೆನುಕೊಂಡ ಎಲ್ಲ ಅದರ ಅಡಿ. 1696ರ ಕಲ್ಲಿನ ಜುಮ್ಮಾ ಮಸೀದಿ ಆ ಕಾಲದ್ದು.

ಆದರೆ ವಂಶಾವಳಿ ಅಷ್ಟು ಗಟ್ಟಿ ನಿಲ್ಲುವುದಿಲ್ಲ. ಹೈದರಾಲಿಯ ಮನೆತನವನ್ನೇ ನೋಡಿ. ಒಂದು ಕಡೆಯವರು ಅವರನ್ನು ಖುರೈಷ್ ಕುಲದವರು ಎಂದು ಬರೆದರು. ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಮಾತ್ರ, ಮುತ್ತಜ್ಜ ಪಂಜಾಬಿನಿಂದ ಕಲಬುರಗಿ ಕಡೆಗೆ ಬಂದವರು, ಅವರ ಮಕ್ಕಳು ಶಿರಾದಲ್ಲಿ ಕಂದಾಯದ ಪೇದೆಗಳಾಗಿದ್ದರು ಅಂತಾನೆ. ಹೈದರನ ತಂದೆ ಫತೇ ಮುಹಮ್ಮದ್ ಕೂಡ ಶಿರಾ ನವಾಬರ ಚಾಕರಿಯಲ್ಲೇ ಮೇಲೆ ಬಂದವರು. ರಾಜ್ಯ ಆಳಿದ ಮನೆಗೇ ಎರಡು ಮೂಲ ಇರುವಾಗ, ಉಳಿದವರ ಪಾಡೇನು? ನನಗಂತೂ ಪೇದೆಗಿರಿಯಿಂದ ಸಿಂಹಾಸನದವರೆಗಿನ ದಾರಿಯೇ ಹೆಚ್ಚು ಹೆಮ್ಮೆಯದ್ದು ಅನಿಸುತ್ತದೆ.

ಇನ್ನೊಂದು ತೊಡಕು. ಟಿಪ್ಪು ಶ್ರೀರಂಗಪಟ್ಟಣದ ಪಕ್ಕ ಗಂಜಾಂ ಕಟ್ಟಿಸಿದಾಗ ಶಿರಾದ 12,000 ಕುಟುಂಬಗಳನ್ನು ಬಲವಂತವಾಗಿ ಅಲ್ಲಿಗೆ ಸಾಗಿಸಲಾಯಿತು ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಹೀಗಿರುವಾಗ ಇಂದು ಶಿರಾದಲ್ಲಿರುವವರು ಯಾರ ಮೊಮ್ಮಕ್ಕಳು, ಗಂಜಾಂನಲ್ಲಿರುವವರು ಯಾರ ಮೊಮ್ಮಕ್ಕಳು ಅಂತ ಗೆರೆ ಎಳೆಯುವುದು ಸುಲಭ ಅಲ್ಲ.

ದೂರದಿಂದ ಬಂದವರು ಎಂಬ ಹೆಮ್ಮೆಗೆ ಒಂದು ಬೆಲೆಯೂ ಇತ್ತು. ಅದನ್ನು ತೆತ್ತವರು ಬೇರೆಯವರು. ಹಳೆಯ ಮೈಸೂರು ಜನಗಣತಿಯಲ್ಲಿ ಶೇಖ್, ಸೈಯದ್, ಮೊಗಲ್, ಪಠಾಣ್ ಒಂದು ಕಡೆ. ಹತ್ತಿ ಹಿಂಜುವ ಪಿಂಜಾರರು ಬೇರೆ ಕಡೆ. ಬಹುಪಾಲು ಆಂಧ್ರದ ನಡುವೆ ಚಾಚಿರುವ ಪಾವಗಡದ ಕಡೆ ಹೋದರೆ ತೆಲುಗು ಸೀಮೆ; ಅಲ್ಲಿ ಇವರನ್ನು ದೂದೇಕುಲ ಅಂತಾರೆ. ನಡಾಫ್ ಅಂತಲೂ ಕರೆಯುವ ಇವರಿಗೆ ಇಂದು ಸರ್ಕಾರದ ಪಟ್ಟಿಯಲ್ಲಿ ಪ್ರವರ್ಗ-1ರಲ್ಲಿ ಜಾಗ ಇದೆ. ಮದುವೆ ಸಂಬಂಧ ನೋಡುವಾಗ ಮಾತ್ರ ಕೆಲವು ಮನೆಗಳಲ್ಲಿ ಈಗಲೂ ಮೂಗು ಮುರಿಯುತ್ತಾರೆ. ನಮ್ಮಲ್ಲಿ ಅಂಥದ್ದಿಲ್ಲ ಅಂತ ಎದೆ ತಟ್ಟಿ ಹೇಳಬಲ್ಲವರು ಎಷ್ಟು ಜನ?

ರಕ್ತ ಹೇಳದ್ದನ್ನು ಮನೆಮಾತು ಹೇಳುತ್ತದೆ. ಶಿರಾ, ಮಧುಗಿರಿ, ಕೊರಟಗೆರೆ ಕಡೆಯ ದಖ್ಖನಿ ಮಾತು ಕಿವಿಗೊಟ್ಟು ಕೇಳಿ. ಬೇಡ ಅನ್ನಲು ‘ನಕ್ಕೋ’, ಇದು ಮರಾಠಿಯದ್ದು. ‘ಬರ್ತೇನೆ ಅಂತ ಹೇಳಿದ’ ಅನ್ನಲು ‘ಆತೂಂ ಬೋಲ್ಕೆ ಬೋಲ್ಯಾ’. ನಮ್ಮ ಕನ್ನಡದ ‘ಅಂತ’ ಇದ್ದಲ್ಲೇ ಅವರ ‘ಬೋಲ್ಕೆ’ ಕೂತಿದೆ. ದಿಲ್ಲಿಯ ಉರ್ದು ಪಂಡಿತರು ಇದನ್ನು ಕೇಳಿ ನಗುತ್ತಿದ್ದರು. ನಗಲಿ ಬಿಡಿ, ಬಂದವರು ಈ ಮಣ್ಣಿನವರ ಜೊತೆ ಮುನ್ನೂರು ವರ್ಷ ಮಾತಾಡಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಜುಮ್ಮಾ ಮಸೀದಿ, ಮಲಿಕ್ ರೆಹಾನ್ ದರ್ಗಾ ಎರಡೂ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಪಟ್ಟಿಯಲ್ಲಿವೆ. ಮಾತಿಗೆ ಅಂಥ ಫಲಕ ಇಲ್ಲ. ಶಾಲೆಯ ಅರ್ಜಿಯಲ್ಲಿ ಮಾತೃಭಾಷೆ ಯಾವುದು ಅಂತ ಕೇಳಿದರೆ ದಖ್ಖನಿ ಮನೆಯವರು ‘ಉರ್ದು’ ಅಂತಲೇ ಬರೆಸುತ್ತಾರೆ. ನಮ್ಮ ಬ್ಯಾರಿ ಭಾಷೆಗೆ 2009ರಲ್ಲಿ ಸಾಹಿತ್ಯ ಅಕಾಡೆಮಿ ಬಂತು. ಅವರಿಗೆ ಇರುವುದು ಉರ್ದು ಅಕಾಡೆಮಿ.